ತಿದ್ದುಪಡಿಗಳು ಹೆಚ್ಚಾದಾಗ ಮಾತ್ರ ಸ್ಥಳೀಯ ಅಪಾಚೆ ಸರ್ವರ್ ಕುಸಿಯುತ್ತಿದೆ, ಪಿಎಚ್‌ಪಿ ದೋಷಸಂದೇಶವೂ ಬರುತ್ತಿಲ್ಲ

ಪ್ರಶ್ನೆ: ಕಡತಪಾಲ

ನಮಸ್ಕಾರ. ವಿಂಡೋಸ್ ಗಣಕದಲ್ಲಿ ಅಪಾಚೆ 2.4 ವೆಬ್ ಸರ್ವರ್ ಮತ್ತು ಪಿಎಚ್‌ಪಿ 8.1 ಭಾಷೆಯನ್ನು ಹಾಕಿಕೊಂಡು ದಸ್ತಾವೇಜುಗಳನ್ನು ನಿರ್ವಹಿಸುವ ಒಂದು ತಂತ್ರಾಂಶವನ್ನು ಬರೆಯುತ್ತಿದ್ದೇನೆ. ಪಿಎಚ್‌ಪಿಯನ್ನು ಅಪಾಚೆಯ ಮಾಡ್ಯೂಲ್ ಆಗಿಯೇ ಜೋಡಿಸಿದ್ದೇನೆ. ಪ್ರತಿಯೊಂದು ತಿದ್ದುಪಡಿಯೂ ತನ್ನ ಹಿಂದಿನ ತಿದ್ದುಪಡಿಯ ಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ. ಆ ಸರಪಳಿಯನ್ನು ಮೊದಲ ಪ್ರತಿಯವರೆಗೂ ಹಿಡಿದು ಹೋಗಿ, ದಸ್ತಾವೇಜಿನ ಇಡೀ ಇತಿಹಾಸವನ್ನು ಒಂದು ಪುಟದಲ್ಲಿ ತೋರಿಸುವ ಸ್ಕ್ರಿಪ್ಟ್ ಒಂದಿದೆ. ತೊಂದರೆ ಇರುವುದು ಅದರಲ್ಲಿ.

ಇನ್ನೂರು ತಿದ್ದುಪಡಿಗಳಿರುವ ದಸ್ತಾವೇಜನ್ನು ತೆರೆದರೆ ಪುಟ ಕ್ಷಣಮಾತ್ರದಲ್ಲಿ ಬರುತ್ತದೆ. 3,800 ತಿದ್ದುಪಡಿಗಳಿರುವ ದಸ್ತಾವೇಜನ್ನು ತೆರೆದರೆ ಬ್ರೌಸರ್ 'ಸಂಪರ್ಕ ಕಡಿದುಹೋಯಿತು' ಎನ್ನುತ್ತದೆ. ಪರದೆಯ ಮೇಲೆ ಪಿಎಚ್‌ಪಿಯ ದೋಷಸಂದೇಶ ಬರುವುದಿಲ್ಲ, ಪಿಎಚ್‌ಪಿಯ ಲಾಗ್ ಕಡತದಲ್ಲೂ ಒಂದಕ್ಷರ ಇಲ್ಲ. ದೋಷಗಳನ್ನೆಲ್ಲ ತೋರಿಸುವ ಆಯ್ಕೆಯನ್ನು ಚಾಲೂ ಮಾಡಿಯೇ ಇಟ್ಟಿದ್ದೇನೆ. ವಿಚಿತ್ರವೆಂದರೆ, ಎರಡು ಸೆಕೆಂಡು ಬಿಟ್ಟು ಬೇರೆ ಪುಟವನ್ನು ತೆರೆದರೆ ಏನೂ ಆಗಿಲ್ಲವೆಂಬಂತೆ ಸರ್ವರ್ ಉತ್ತರ ಕೊಡುತ್ತದೆ. ಅದೇ ಸ್ಕ್ರಿಪ್ಟನ್ನು ಅದೇ ದತ್ತಾಂಶದ ಮೇಲೆ ಕಮಾಂಡ್ ಸಾಲಿನಿಂದ ಓಡಿಸಿದರೆ ಪೂರ್ತಿ ಮುಗಿಯುತ್ತದೆ. ಮೆಮೊರಿ ಮಿತಿಯನ್ನು 128 ಎಂಬಿಯಿಂದ 1 ಜಿಬಿಗೆ ಏರಿಸಿದೆ, ಕಾಲಮಿತಿಯನ್ನು 30 ಸೆಕೆಂಡಿನಿಂದ 300ಕ್ಕೆ ಏರಿಸಿದೆ. ಯಾವ ವ್ಯತ್ಯಾಸವೂ ಆಗಲಿಲ್ಲ. ಸರ್ವರನ್ನೇ ಅಳಿಸಿ ಮತ್ತೆ ಹಾಕುವುದಕ್ಕೆ ಮುಂಚೆ ಒಂದು ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ.

ಉತ್ತರ: ಅರೆಬರೆ ಕೋಡು

ನನಗೂ ಹಿಂದೊಮ್ಮೆ ಹೀಗೆ ಸರ್ವರ್ ಕೈಕೊಟ್ಟಿತ್ತು. 80ನೇ ಪೋರ್ಟನ್ನು ಬೇರೆ ಯಾವುದೋ ತಂತ್ರಾಂಶ ಹಿಡಿದುಕೊಂಡಿತ್ತು. ಅಪಾಚೆಯ ಪೋರ್ಟನ್ನು 8080ಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ನೀವೂ ಅದನ್ನೊಮ್ಮೆ ನೋಡಬಹುದು.

ಉತ್ತರ: ಲಾಗ್ ಓದುಗ

ಪೋರ್ಟಿನ ಘರ್ಷಣೆಯಾದರೆ ಅಪಾಚೆ ಆರಂಭವಾಗುವುದೇ ಇಲ್ಲ. ಇಲ್ಲಿ ಅದು ಆರಂಭವಾಗಿದೆ, ಚಿಕ್ಕ ದಸ್ತಾವೇಜಿಗೆ ಉತ್ತರ ಕೊಡುತ್ತಿದೆ, ಒಂದು ನಿರ್ದಿಷ್ಟ ಕೆಲಸ ಬಂದಾಗ ಮಾತ್ರ ಸಾಯುತ್ತಿದೆ. ಆದ್ದರಿಂದ ಪೋರ್ಟನ್ನು ಸದ್ಯಕ್ಕೆ ಬದಿಗಿಡೋಣ. ಮರುಸ್ಥಾಪನೆಯನ್ನಂತೂ ದಯವಿಟ್ಟು ಮಾಡಬೇಡಿ. ಇರುವ ಸುಳಿವುಗಳೆಲ್ಲ ಅದರೊಂದಿಗೆ ಅಳಿಸಿಹೋಗುತ್ತವೆ.

ಎರಡು ಸೆಕೆಂಡಿನಲ್ಲಿ ಸರ್ವರ್ ಮತ್ತೆ ಎದ್ದು ಕೂರುವುದರಲ್ಲಿ ವಿಚಿತ್ರವೇನಿಲ್ಲ. ವಿಂಡೋಸ್‌ನಲ್ಲಿ ಅಪಾಚೆ ಎರಡು ಪ್ರಕ್ರಿಯೆಗಳಾಗಿ ಓಡುತ್ತದೆ: ಕಾವಲಿಗೆ ಒಂದು ತಾಯಿ ಪ್ರಕ್ರಿಯೆ, ಕೆಲಸಕ್ಕೆ ಒಂದು ಮರಿ ಪ್ರಕ್ರಿಯೆ. ಬಂದ ಕೋರಿಕೆಗಳನ್ನೆಲ್ಲ ಆ ಒಂದೇ ಮರಿಯೊಳಗಿನ ಹಲವು ಥ್ರೆಡ್‌ಗಳು, ಅಂದರೆ ಜೊತೆಜೊತೆಗೆ ಓಡುವ ಕೆಲಸದ ಎಳೆಗಳು, ಹಂಚಿಕೊಳ್ಳುತ್ತವೆ. ಯಾವುದೇ ಒಂದು ಥ್ರೆಡ್ ಮಾಡಬಾರದ್ದನ್ನು ಮಾಡಿದರೆ ವಿಂಡೋಸ್ ಇಡೀ ಮರಿಯನ್ನೇ ಕೊಂದುಹಾಕುತ್ತದೆ, ತಾಯಿ ಕೂಡಲೇ ಹೊಸ ಮರಿಯನ್ನು ಹುಟ್ಟಿಸುತ್ತದೆ. ಆ ಹೊತ್ತಿನಲ್ಲಿ ಬೇರೆ ಕಿಟಕಿಯಲ್ಲಿ ಓಡುತ್ತಿದ್ದ ನಿಮ್ಮ ಇನ್ನೊಂದು ಪುಟವೂ ಅದರೊಂದಿಗೇ ಹೋಗಿರುತ್ತದೆ, ನೀವು ಗಮನಿಸಿರಲಿಕ್ಕಿಲ್ಲ. ಪಿಎಚ್‌ಪಿಗೆ ದೋಷಸಂದೇಶವನ್ನು ಬರೆಯುವಷ್ಟು ಪುರುಸೊತ್ತೂ ಸಿಗುವುದಿಲ್ಲ. ಹಾಗಾಗಿ ನೀವು ನೋಡಬೇಕಾದದ್ದು ಪಿಎಚ್‌ಪಿಯ ಲಾಗನ್ನಲ್ಲ, ಅಪಾಚೆಯ ಎರರ್ ಲಾಗನ್ನು. ಅಲ್ಲಿ ಎಎಚ್00428 ಎಂದು ಆರಂಭವಾಗುವ ಸಾಲು ಇರಬೇಕು. ಅದರ ಕೊನೆಯಲ್ಲಿ 'ಸ್ಟೇಟಸ್' ಎಂಬ ಪದದ ಮುಂದೆ ಹತ್ತಂಕಿಯ ಸಂಖ್ಯೆಯೊಂದು ಇರುತ್ತದೆ. ಅದನ್ನು ಹಾಗೆಯೇ ಇಲ್ಲಿ ಬರೆಯಿರಿ. ಸರಪಳಿಯನ್ನು ಹಿಡಿದು ಹೋಗುವ ಕೋಡ್ ಹೇಗಿದೆಯೆಂಬುದನ್ನೂ ತಿಳಿಸಿ.

ಪ್ರತಿಕ್ರಿಯೆ: ಕಡತಪಾಲ

ನೀವು ಹೇಳಿದ ಸಾಲು ಸಿಕ್ಕಿತು, ಅದೂ ಹನ್ನೊಂದು ಸಲ. ಪ್ರತಿ ಸಲವೂ ಸಂಖ್ಯೆ ಒಂದೇ: 3221225725.

ಕೋಡ್ ಹೀಗಿದೆ. 'ಇತಿಹಾಸ' ಎಂಬ ಫಂಕ್ಷನ್ ಒಂದು ತಿದ್ದುಪಡಿಯನ್ನು ತೆಗೆದುಕೊಂಡು, ಅದರ ಹಿಂದಿನವುಗಳ ಪಟ್ಟಿಯನ್ನು ಅರೇ_ಮ್ಯಾಪ್‌ಗೆ ಕೊಡುತ್ತದೆ. ಅರೇ_ಮ್ಯಾಪ್ ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಮತ್ತೆ ಅದೇ 'ಇತಿಹಾಸ' ಫಂಕ್ಷನನ್ನು ಕರೆಯುತ್ತದೆ. ಎರಡು ಪ್ರತಿಗಳನ್ನು ಸೇರಿಸಿ ಒಂದು ಮಾಡಿದ್ದರೆ ಹಿಂದಿನವು ಎರಡಿರಬಹುದು, ಅದಕ್ಕಾಗಿ ಪಟ್ಟಿ. ಬಹುಪಾಲು ಕಡೆ ಅದರಲ್ಲಿ ಒಂದೇ ಅಂಶ ಇರುತ್ತದೆ.

ಉತ್ತರ: ಲಾಗ್ ಓದುಗ

ಅಗತ್ಯವಿದ್ದದ್ದೆಲ್ಲ ಈ ಎರಡು ಮಾಹಿತಿಗಳಲ್ಲೇ ಇದೆ. 3221225725 ಎಂಬುದನ್ನು ಹದಿನಾರರ ಅಂಕಪದ್ಧತಿಗೆ ಬದಲಿಸಿದರೆ ಸಿ00000ಎಫ್‌ಡಿ ಆಗುತ್ತದೆ. ವಿಂಡೋಸ್‌ನ ಭಾಷೆಯಲ್ಲಿ ಅದರ ಅರ್ಥ ಸ್ಟ್ಯಾಕ್ ಉಕ್ಕಿಹರಿಯಿತು ಎಂದು. ಮೆಮೊರಿ ಮುಗಿದದ್ದಲ್ಲ, ಕಾಲ ಮೀರಿದ್ದಲ್ಲ. ಒಂದರೊಳಗೊಂದು ನಡೆಯುವ ಫಂಕ್ಷನ್ ಕರೆಗಳ ಲೆಕ್ಕ ಇಡಲು ಆ ಥ್ರೆಡ್‌ಗೆಂದು ಎತ್ತಿಟ್ಟಿದ್ದ ಸ್ಟ್ಯಾಕ್ ಎಂಬ ಚಿಕ್ಕ ಜಾಗ ತುಂಬಿಹೋಯಿತು. ನೀವು ಏರಿಸಿದ ಮೆಮೊರಿ ಮಿತಿ ಪಿಎಚ್‌ಪಿ ತಾನೇ ಹಂಚುವ ಮೆಮೊರಿಗೆ ಮಾತ್ರ ಸಂಬಂಧಿಸಿದ್ದು. ಥ್ರೆಡ್‌ನ ಸ್ಟ್ಯಾಕ್ ಅದರ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ 1 ಜಿಬಿ ಅಲ್ಲ, 10 ಜಿಬಿ ಕೊಟ್ಟರೂ ಫಲಿತಾಂಶ ಇದೇ ಆಗಿರುತ್ತಿತ್ತು.

ಕಮಾಂಡ್ ಸಾಲಿನಲ್ಲಿ ಸ್ಕ್ರಿಪ್ಟ್ ಮುಗಿಯುವುದಕ್ಕೆ ಕಾರಣವೂ ಇಲ್ಲೇ ಇದೆ. ವಿಂಡೋಸ್‌ನ ಅಪಾಚೆಯಲ್ಲಿ ಪ್ರತಿ ಥ್ರೆಡ್‌ಗೆ ಸಾಮಾನ್ಯವಾಗಿ ಸಿಗುವ ಸ್ಟ್ಯಾಕ್ 256 ಕೆಬಿ ಮಾತ್ರ. ಕಮಾಂಡ್ ಸಾಲಿನ ಪಿಎಚ್‌ಪಿಗೆ ಅದಕ್ಕಿಂತ ಬಹಳ ದೊಡ್ಡ ಸ್ಟ್ಯಾಕ್ ಇರುತ್ತದೆ. ಲಿನಕ್ಸ್‌ನಲ್ಲೂ ಒಂದು ಪ್ರಕ್ರಿಯೆಯ ಮುಖ್ಯ ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಇರುತ್ತದೆ. 'ನಿಜವಾದ ಸರ್ವರಿನಲ್ಲಿ ಸರಿಯಾಗಿಯೇ ಓಡುತ್ತದಲ್ಲ' ಎಂದು ಜನ ತಲೆ ಕೆರೆದುಕೊಳ್ಳುವುದು ಇದರಿಂದಲೇ.

ಈಗ ನಿಮ್ಮ ಕೋಡಿಗೆ ಬರೋಣ. ಪಿಎಚ್‌ಪಿಯಲ್ಲಿ ಬರೆದ ಒಂದು ಫಂಕ್ಷನ್ ಪಿಎಚ್‌ಪಿಯಲ್ಲೇ ಬರೆದ ಇನ್ನೊಂದನ್ನು ನೇರವಾಗಿ ಕರೆದರೆ, ಆ ಕರೆಯ ಲೆಕ್ಕವನ್ನು ಪಿಎಚ್‌ಪಿ ತನ್ನ ಸ್ವಂತ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಥ್ರೆಡ್‌ನ ಸ್ಟ್ಯಾಕ್ ಬೆಳೆಯುವುದೇ ಇಲ್ಲ. ಹಾಗೆ ಕೊನೆಯಿಲ್ಲದೆ ಕರೆಯುತ್ತಾ ಹೋದರೂ ಒಂದಲ್ಲ ಒಂದು ಹಂತದಲ್ಲಿ '134217728 ಬೈಟ್‌ಗಳ ಮಿತಿ ಮುಗಿಯಿತು' ಎಂಬ ಅರ್ಥದ ಮರ್ಯಾದಸ್ಥ ದೋಷಸಂದೇಶ ಬಂದು ಸ್ಕ್ರಿಪ್ಟ್ ನಿಲ್ಲುತ್ತದೆ, ಸರ್ವರ್ ಬದುಕಿರುತ್ತದೆ. ನಡುವೆ ಅರೇ_ಮ್ಯಾಪ್ ಬಂದರೆ ಕಥೆ ಬೇರೆ. ಅದು ಪಿಎಚ್‌ಪಿಯದಲ್ಲ, ಸಿ ಭಾಷೆಯಲ್ಲಿ ಬರೆದ ಒಳ ಫಂಕ್ಷನ್. ಅದು ನಿಮ್ಮ ಫಂಕ್ಷನನ್ನು ಮರಳಿ ಕರೆಯಬೇಕಾದರೆ ಪಿಎಚ್‌ಪಿಯ ಎಂಜಿನ್ನನ್ನು ತನ್ನೊಳಗೆ ಇನ್ನೊಮ್ಮೆ ಚಾಲೂ ಮಾಡಬೇಕು, ಆ ಎಂಜಿನ್ ಮತ್ತೆ ಅರೇ_ಮ್ಯಾಪನ್ನು ಕರೆಯುತ್ತದೆ, ಅದು ಮತ್ತೆ ಎಂಜಿನ್ನನ್ನು. ಹೀಗೆ ಒಂದೊಂದು ಹಂತಕ್ಕೂ ಸಿ ಫಂಕ್ಷನ್‌ಗಳ ಒಂದು ಪದರ ಥ್ರೆಡ್‌ನ ಸ್ಟ್ಯಾಕ್ ಮೇಲೆ ಕೂರುತ್ತದೆ. ಇನ್ನೂರು ಪದರ 256 ಕೆಬಿಯಲ್ಲಿ ಹಿಡಿಯುತ್ತದೆ, 3,800 ಹಿಡಿಯುವುದಿಲ್ಲ. ಯೂಸಾರ್ಟ್, ಪ್ರೆಗ್_ರಿಪ್ಲೇಸ್_ಕಾಲ್‌ಬ್ಯಾಕ್, __ಗೆಟ್, __ಟುಸ್ಟ್ರಿಂಗ್ ಇವುಗಳ ಮೂಲಕ ಸುತ್ತಿ ಬರುವ ಕರೆಗಳಿಗೂ ಇದೇ ಗತಿ.

ರೋಗನಿರ್ಣಯ ಸರಿಯೇ ಎಂದು ನೋಡಲು ಅಪಾಚೆಗೆ ತಾತ್ಕಾಲಿಕವಾಗಿ ದೊಡ್ಡ ಸ್ಟ್ಯಾಕ್ ಕೊಟ್ಟು ನೋಡಿ. ಎಕ್ಸ್‌ಟ್ರಾ ಫೋಲ್ಡರಿನಲ್ಲಿರುವ ಎಂಪಿಎಂ (ಪ್ರಕ್ರಿಯೆ, ಥ್ರೆಡ್‌ಗಳನ್ನು ನಿರ್ವಹಿಸುವ ಅಪಾಚೆಯ ಭಾಗ) ಸಂರಚನಾ ಕಡತದಲ್ಲಿ, ಎಂಪಿಎಂ_ವಿನ್‌ಎನ್‌ಟಿ ವಿಭಾಗದೊಳಗೆ 'ಥ್ರೆಡ್‌ಸ್ಟ್ಯಾಕ್‌ಸೈಜ್ 8388608' ಎಂಬ ಸಾಲನ್ನು ಸೇರಿಸಿ. ಇದು ಬೈಟ್‌ಗಳಲ್ಲಿ 8 ಎಂಬಿ. ಮುಖ್ಯ ಸಂರಚನಾ ಕಡತದಲ್ಲಿ ಆ ಕಡತವನ್ನು ಒಳಸೇರಿಸುವ ಸಾಲಿನ ಮುಂದೆ ಹ್ಯಾಶ್ ಗುರುತು ಇದ್ದರೆ ತೆಗೆಯಿರಿ. ಎಷ್ಟೋ ಜನ ಇಲ್ಲೇ ಎಡವಿ 'ಬದಲಾಯಿಸಿದರೂ ಏನೂ ಆಗಲಿಲ್ಲ' ಎನ್ನುತ್ತಾರೆ. ಆಮೇಲೆ ಅಪಾಚೆಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸಿ.

ಇದರ ಜೊತೆಗೆ, ಪ್ರತಿ ಹಂತದ ಆಳವನ್ನು ಒಂದು ಕಡತಕ್ಕೆ ಬರೆಯುವ ಒಂದು ಸಾಲನ್ನು ಫಂಕ್ಷನಿನ ಆರಂಭದಲ್ಲಿ ಹಾಕಿ. ಪರದೆಗೆ ಎಕೋ ಮಾಡಬೇಡಿ. ಪ್ರಕ್ರಿಯೆ ಸತ್ತಾಗ ಬಫರಿನಲ್ಲಿದ್ದದ್ದೂ ಹೋಗುತ್ತದೆ.

ಪ್ರತಿಕ್ರಿಯೆ: ಮೂರನೇ ಪ್ರಯತ್ನ

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಗಣಕದಲ್ಲೂ ಇದೇ ರೀತಿ ಸಂಪರ್ಕ ಕಡಿಯುತ್ತಿದೆ, ಮೇಲೆ ಹೇಳಿದ ಥ್ರೆಡ್‌ಸ್ಟ್ಯಾಕ್‌ಸೈಜ್ ಸಾಲನ್ನು ಹಾಕಿದರೂ ನಿಲ್ಲಲಿಲ್ಲ. ನನ್ನ ಲಾಗಿನಲ್ಲಿರುವ ಸಂಖ್ಯೆ 3221225477. ಮೂರು ಸಾಲಿನ ಸ್ಕ್ರಿಪ್ಟ್ ಓಡಿಸಿದರೂ ಕುಸಿಯುತ್ತದೆ. ಕಳೆದ ವಾರವಷ್ಟೇ ಪಿಎಚ್‌ಪಿಯನ್ನು ಹೊಸ ಆವೃತ್ತಿಗೆ ಏರಿಸಿದ್ದೆ.

ಉತ್ತರ: ಲಾಗ್ ಓದುಗ

ನಿಮ್ಮದು ಬೇರೆಯೇ ಕಾಯಿಲೆ. ಕೊನೆಯ ಮೂರಂಕಿಗಳನ್ನು ನೋಡಿ: ಅವರದು 725, ನಿಮ್ಮದು 477. ನಿಮ್ಮ ಸಂಖ್ಯೆ ಹದಿನಾರರ ಪದ್ಧತಿಯಲ್ಲಿ ಸಿ0000005 ಆಗುತ್ತದೆ, ಅಂದರೆ ತನ್ನದಲ್ಲದ ಮೆಮೊರಿಗೆ ಕೈಹಾಕಿದ್ದು. ಸ್ಟ್ಯಾಕ್ ಹಿಗ್ಗಿಸಿ ಪ್ರಯೋಜನವಿಲ್ಲ, ಆ ಸಾಲನ್ನು ತೆಗೆದುಹಾಕಿ. ಮೂರು ಸಾಲಿಗೂ ಕುಸಿಯುತ್ತದೆಯೆಂದರೆ ನಿಮ್ಮ ಸ್ಕ್ರಿಪ್ಟಿನ ತಪ್ಪು ಇರಲಾರದು. ಪಿಎಚ್‌ಪಿಗೆ ಜೋಡಿಸಿದ ಯಾವುದೋ ವಿಸ್ತರಣೆಯ ಮೇಲೆ ನನ್ನ ಅನುಮಾನ.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ಲಾಗಿನಲ್ಲಿ 1000 ಎಂಬ ಸಂಖ್ಯೆಯ ದಾಖಲೆಯನ್ನು ಹುಡುಕಿ. ಕುಸಿತಕ್ಕೆ ಕಾರಣವಾದ ಮಾಡ್ಯೂಲಿನ ಹೆಸರನ್ನು ಅದು ನೇರವಾಗಿ ಹೇಳುತ್ತದೆ. ಅದು ಯಾವುದಾದರೂ ವಿಸ್ತರಣೆಯ ಡಿಎಲ್‌ಎಲ್ (ವಿಂಡೋಸ್‌ನ ಕೋಡ್ ಕಡತ) ಆಗಿದ್ದರೆ ಪಿಎಚ್‌ಪಿ ಐಎನ್‌ಐ ಕಡತದಲ್ಲಿ ಆ ಸಾಲಿನ ಮುಂದೆ ಅರ್ಧವಿರಾಮ ಹಾಕಿ ಮುಚ್ಚಿ ನೋಡಿ. ಪಿಎಚ್‌ಪಿಯದೇ ಮುಖ್ಯ ಡಿಎಲ್‌ಎಲ್ ಎಂದು ಬಂದರೆ ಮಾತ್ರ ಶ್ರಮ ಜಾಸ್ತಿ: ವಿಸ್ತರಣೆಗಳನ್ನೆಲ್ಲ ಮುಚ್ಚಿ, ಒಂದೊಂದನ್ನೇ ತೆರೆಯುತ್ತಾ ಬರಬೇಕು. ನಾನಾದರೆ ಸ್ಕ್ರಿಪ್ಟುಗಳ ಸಿದ್ಧರೂಪವನ್ನು ಉಳಿಸಿಡುವ ಆಪ್‌ಕ್ಯಾಶ್‌ನಿಂದಲೂ ಡಿಬಗ್ ವಿಸ್ತರಣೆಯಿಂದಲೂ ಆರಂಭಿಸುತ್ತೇನೆ. ಅಪಾಚೆಯ ಮಾಡ್ಯೂಲ್ ಆಗಿ ಓಡುವ ಪಿಎಚ್‌ಪಿ ಥ್ರೆಡ್‌ಸೇಫ್ (ಹಲವು ಥ್ರೆಡ್‌ಗಳಲ್ಲಿ ಒಟ್ಟಿಗೆ ಓಡಬಲ್ಲ) ಆವೃತ್ತಿಯದೇ ಆಗಿರಬೇಕು ಎಂಬುದನ್ನೂ, ಸಿಸ್ಟಮ್ ಪಾತ್‌ನಲ್ಲಿ ಬೇರೆ ಯಾವುದೋ ತಂತ್ರಾಂಶ ತಂದಿಟ್ಟ ಹಳೆಯ ಓಪನ್‌ಎಸ್‌ಎಸ್‌ಎಲ್ ಡಿಎಲ್‌ಎಲ್ ಮೊದಲು ಸಿಗುತ್ತಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಮುಂದಿನ ವಿವರಗಳಿಗೆ ಪ್ರತ್ಯೇಕ ಪ್ರಶ್ನೆ ಹಾಕಿದರೆ ಒಳ್ಳೆಯದು, ಇಲ್ಲಿ ಎರಡೂ ಕಲಸಿಹೋಗುತ್ತವೆ.

ಪ್ರತಿಕ್ರಿಯೆ: ಕಡತಪಾಲ

ಸ್ಟ್ಯಾಕ್ ಹಿಗ್ಗಿಸುವ ಮುಂಚೆ ಆಳವನ್ನು ಬರೆಸಿ ನೋಡಿದೆ. ಪ್ರತಿ ಸಲವೂ ಕೆಲವು ನೂರು ಹಂತ ಇಳಿದ ಮೇಲೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸಾಲುಗಳು ನಿಂತುಹೋಗಿದ್ದವು. ಥ್ರೆಡ್‌ಸ್ಟ್ಯಾಕ್‌ಸೈಜ್ ಸಾಲನ್ನು ಹಾಕಿದ ಮೇಲೆ 3,800 ಹಂತವೂ ಮುಗಿದು ಪುಟ ಬಂತು. (ಹೌದು, ನನ್ನಲ್ಲೂ ಒಳಸೇರಿಸುವ ಸಾಲಿನ ಮುಂದೆ ಹ್ಯಾಶ್ ಇತ್ತು. ಹತ್ತು ನಿಮಿಷ ಅದಕ್ಕೇ ಹೋಯಿತು.)

ಇನ್ನೊಂದು ಸಂದೇಹ: ಈ 8 ಎಂಬಿಯನ್ನು ಹೀಗೆಯೇ ಬಿಟ್ಟುಬಿಡಬಹುದೇ? ಕೆಲಸವಂತೂ ಆಗುತ್ತಿದೆ.

ಉತ್ತರ: ಹಳೆಯ ಕೀಲಿಮಣೆ

ಬಿಟ್ಟರೆ ನಾಳೆಯೇ ಏನೂ ಆಗುವುದಿಲ್ಲ, ಆದರೂ ನಾನು ಬಿಡುವುದಿಲ್ಲ. ಅಪಾಚೆಯೊಂದಿಗೆ ಬರುವ ಎಂಪಿಎಂ ಕಡತದಲ್ಲಿ ಥ್ರೆಡ್‌ಗಳ ಸಂಖ್ಯೆ 150 ಎಂದಿರುತ್ತದೆ. 150 ಥ್ರೆಡ್‌ಗೆ ತಲಾ 8 ಎಂಬಿ ಎಂದರೆ 1,200 ಎಂಬಿಯಷ್ಟು ವಿಳಾಸದ ಜಾಗವನ್ನು ಕಾದಿರಿಸಿದಂತೆ. 64 ಬಿಟ್ ಆವೃತ್ತಿಯಲ್ಲಿ ಇದು ಕಾದಿರಿಸುವಿಕೆ ಮಾತ್ರವಾದ್ದರಿಂದ ನಿಜವಾದ ಮೆಮೊರಿ ಅಷ್ಟು ಖರ್ಚಾಗುವುದಿಲ್ಲ. 32 ಬಿಟ್ ಅಪಾಚೆಯಾಗಿದ್ದರೆ ಸಾಮಾನ್ಯವಾಗಿ ಸಿಗುವ 2 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತಿತ್ತು. ನನ್ನ ಆಕ್ಷೇಪ ಮೆಮೊರಿಯದಲ್ಲ. ಸರಪಳಿ 3,800ರಿಂದ 40,000ಕ್ಕೆ ಬೆಳೆದರೆ ನೀವು ಇದೇ ಬಾಗಿಲಿಗೆ ಮತ್ತೆ ಬರುತ್ತೀರಿ, ಆಗ ಕುಸಿಯುವುದು ನಿಮ್ಮ ಸ್ಥಳೀಯ ಸರ್ವರ್ ಅಲ್ಲ, ಜನ ಬಳಸುತ್ತಿರುವ ಸರ್ವರ್.

ಅರೇ_ಮ್ಯಾಪನ್ನು ತೆಗೆದು, ಅದೇ ಜಾಗದಲ್ಲಿ ಫೋರ್‌ಈಚ್ ಹಾಕಿ ಒಳಗಿನಿಂದ 'ಇತಿಹಾಸ' ಫಂಕ್ಷನನ್ನು ನೇರವಾಗಿ ಕರೆಯಿರಿ. ಎರಡು ಸಾಲಿನ ಬದಲಾವಣೆ ಅದು, ಸಿ ಸ್ಟ್ಯಾಕ್ ಬೆಳೆಯುವುದು ಅಷ್ಟಕ್ಕೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ಕೆಲವು ಡಿಬಗ್ ಮತ್ತು ಪ್ರೊಫೈಲಿಂಗ್ ವಿಸ್ತರಣೆಗಳು ಪ್ರತಿ ಕರೆಯನ್ನೂ ತಮ್ಮ ಮೂಲಕ ಹಾಯಿಸಿಕೊಳ್ಳುತ್ತವೆ, ಅವು ಚಾಲೂ ಇದ್ದಾಗ ನೇರ ಕರೆಯೂ ಸಿ ಸ್ಟ್ಯಾಕನ್ನು ತಿನ್ನಬಹುದು. ಇನ್ನೂ ಗಟ್ಟಿಯಾದ ದಾರಿಯೆಂದರೆ ಮರುಕರೆಯನ್ನೇ (ಫಂಕ್ಷನ್ ತನ್ನನ್ನೇ ತಾನು ಕರೆಯುವುದನ್ನು) ಬಿಟ್ಟು, ನೋಡಬೇಕಾದ ತಿದ್ದುಪಡಿಗಳನ್ನು ಒಂದು ಅರೇಯಲ್ಲಿ ಹಾಕಿಕೊಂಡು, ಅದು ಖಾಲಿಯಾಗುವವರೆಗೆ ವೈಲ್ ಲೂಪಿನಲ್ಲಿ ಒಂದೊಂದನ್ನೇ ತೆಗೆಯುತ್ತಾ ಹೋಗುವುದು. ಈಗಾಗಲೇ ನೋಡಿದ ಸಂಖ್ಯೆಗಳನ್ನು ಇನ್ನೊಂದು ಅರೇಯಲ್ಲಿ ಗುರುತಿಟ್ಟುಕೊಂಡರೆ, ಯಾವುದೋ ತಿದ್ದುಪಡಿ ತಪ್ಪಿ ತನ್ನನ್ನೇ ತಾನು ತೋರಿಸಿದರೂ ಸ್ಕ್ರಿಪ್ಟ್ ಸುತ್ತು ಹೊಡೆಯುವುದಿಲ್ಲ. ಎರಡು ಪ್ರತಿಗಳು ಸೇರಿದ ಕಡೆ ಒಂದೇ ತಿದ್ದುಪಡಿಯನ್ನು ಎರಡು ಸಲ ನಡೆಯುವುದೂ ತಪ್ಪುತ್ತದೆ.

ಇನ್ನೊಂದು ಮಾತು. 2023ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.3ರಲ್ಲಿ ಸ್ಟ್ಯಾಕ್‌ನ ಮಿತಿಯನ್ನು ಕಾಯುವ ವ್ಯವಸ್ಥೆಯೊಂದನ್ನು ಸೇರಿಸಿದ್ದಾರೆ. ಇಂಥ ಆಳದ ಮರುಕರೆ ಬಂದಾಗ ಪ್ರಕ್ರಿಯೆ ಸಾಯುವ ಬದಲು, 'ಇದು ಕೊನೆಯಿಲ್ಲದ ಮರುಕರೆಯೇ?' ಎಂದು ಕೇಳುವ ದೋಷವನ್ನು ಅದು ಎಸೆಯುತ್ತದೆ. ಕೋಡನ್ನು ಸರಿಪಡಿಸುವುದು ಹೇಗೂ ಇದ್ದೇ ಇದೆ, ಆದರೆ ಎರಡು ದಿನ ಕತ್ತಲಲ್ಲಿ ತಡಕಾಡುವುದು ತಪ್ಪುತ್ತಿತ್ತು. ಪಿಎಚ್‌ಪಿ 5ರ ಕಾಲದಲ್ಲಿ ಇದೇ 256 ಕೆಬಿಯನ್ನು ಉದ್ದನೆಯ ಪಠ್ಯದ ಮೇಲೆ ಓಡುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳು ತುಂಬಿಸುತ್ತಿದ್ದವು. ಅವುಗಳನ್ನು ಓಡಿಸುವ ಪಿಸಿಆರ್‌ಇ ಎಂಬ ಲೈಬ್ರರಿಯ ಮರುಕರೆ ಮಿತಿಯ ಸಹಜ ಮೌಲ್ಯ 1,00,000 ಇದ್ದರೂ ವಿಂಡೋಸ್‌ನಲ್ಲಿ ಅದನ್ನು 524ಕ್ಕೆ ಇಳಿಸಿಕೊಂಡು ಬದುಕಿದವರಲ್ಲಿ ನಾನೂ ಒಬ್ಬ.

ಪ್ರತಿಕ್ರಿಯೆ: ಕಡತಪಾಲ

ವೈಲ್ ಲೂಪಿಗೆ ಬದಲಿಸಿದೆ. ಥ್ರೆಡ್‌ಸ್ಟ್ಯಾಕ್‌ಸೈಜ್ ಸಾಲನ್ನು ಅಳಿಸಿ, ಅಪಾಚೆಯನ್ನು ನಿಲ್ಲಿಸಿ ಆರಂಭಿಸಿ, ಅದೇ ದೊಡ್ಡ ದಸ್ತಾವೇಜನ್ನು ತೆರೆದೆ. ಪುಟ ಬಂತು, ಎರರ್ ಲಾಗಿನಲ್ಲಿ ಹೊಸ ಸಾಲು ಬಿದ್ದಿಲ್ಲ. ಪ್ರಯೋಗಕ್ಕೆಂದು 50,000 ತಿದ್ದುಪಡಿಗಳ ಕೃತಕ ಸರಪಳಿಯೊಂದನ್ನು ಮಾಡಿ ಓಡಿಸಿದೆ, ಅದೂ ಮುಗಿಯಿತು. ಇತಿಹಾಸದ ಪುಟದಲ್ಲಿ ತಿದ್ದುಪಡಿಗಳ ಕ್ರಮ ಮಾತ್ರ ಮೊದಲಿನಂತಿಲ್ಲ, ಎರಡು ಪ್ರತಿಗಳು ಸೇರಿದ ಕಡೆ ಹಿಂದುಮುಂದಾಗಿದೆ. ಅರೇಯ ಕೊನೆಯಿಂದ ತೆಗೆಯುತ್ತಿರುವುದು ಅದಕ್ಕೆ ಕಾರಣವೆಂದು ಗೊತ್ತಾಯಿತು. ಒಳಗೆ ಹಾಕುವಾಗಲೇ ಪಟ್ಟಿಯನ್ನು ತಿರುವಿ ಹಾಕಿ ಸರಿಮಾಡುತ್ತಿದ್ದೇನೆ.