ಸಹಾಯ ಬೇಕು: ಅಡಾಪಲೀನ್ ಜೆಲ್ ಹಚ್ಚಿದ ಮೇಲೆ ಉರಿ, ಸಿಪ್ಪೆ ಏಳುವಿಕೆ

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಸಮೀಪದವರು. ನನ್ನ 17 ವರ್ಷದ ಮಗಳ ಮೊಡವೆಗೆ ಚರ್ಮವೈದ್ಯರು ಶೇ. 0.1ರ ಅಡಾಪಲೀನ್ ಜೆಲ್ ಬರೆದುಕೊಟ್ಟು, ರಾತ್ರಿ ಬಟಾಣಿ ಕಾಳಿನಷ್ಟನ್ನು ಮಾತ್ರ ಮುಖಕ್ಕೆಲ್ಲ ತೆಳುವಾಗಿ ಹಚ್ಚಬೇಕೆಂದೂ, ಗುಣ ಕಾಣಲು 8ರಿಂದ 12 ವಾರ ಬೇಕೆಂದೂ ತಿಳಿಸಿದ್ದಾರೆ.

ಈಗ ಮೂರನೆಯ ವಾರ. ಹಣೆಯ ಸಣ್ಣ ಗುಳ್ಳೆಗಳು ತುಸು ತಗ್ಗಿವೆ. ಆದರೆ ಮೂಗಿನ ಅಂಚಿನಲ್ಲಿ, ಬಾಯಿಯ ಮೂಲೆಗಳಲ್ಲಿ ಚರ್ಮ ಕೆಂಪಾಗಿ ಮೀನಿನ ಹುರುಪೆಯಂತೆ ಏಳುತ್ತಿದ್ದು, ಮುಖ ತೊಳೆದಾಗ ಉರಿಗೆ ಅವಳ ಕಣ್ಣಲ್ಲಿ ನೀರು ಬರುತ್ತದೆ. ಮೊಡವೆಗೆ ಹಚ್ಚುವ ಇನ್ನೊಂದು ಔಷಧವಾದ ಟ್ರೆಟಿನಾಯಿನ್‌ಗಿಂತ ಇದು ಸೌಮ್ಯವೆಂದೂ, ಮೊದಲ ವಾರಗಳ ಕೆರಳಿಕೆ ಸಾಮಾನ್ಯವಾಗಿ ಇಳಿಯುತ್ತದೆಂದೂ ಬಲ್ಲೆ. ನಮ್ಮ ಮಳೆಗಾಲದ ಮೋಡದಲ್ಲೂ ಸನ್‌ಸ್ಕ್ರೀನ್ ತಪ್ಪಿಸಿಲ್ಲ.

ದಿನ ಬಿಟ್ಟು ದಿನ ಹಚ್ಚಿದವರು ಅಥವಾ ಮೊದಲು ಮಾಯಿಶ್ಚರೈಸರ್ ಹಚ್ಚಿದವರು ಇದ್ದರೆ, ಉರಿ ಎಷ್ಟು ದಿನಕ್ಕೆ ತಗ್ಗಿತು, ಮೊಡವೆ ಇಳಿಯುವುದು ತಡವಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿರಿ. ಸೋಮವಾರ ವೈದ್ಯರನ್ನು ಕಾಣಲಿದ್ದೇವೆ.