ನವೆಂಬರ್ ತಿಂಗಳ ಕಡತಗಳು ಪೈಥಾನ್‌ಗೆ ಏಕೆ ಕಾಣುತ್ತಿಲ್ಲ?

ಪ್ರಶ್ನೆ (ಶಿರಸಿ): ಸರ್, ನಮ್ಮ ಅಡಿಕೆ ವಖಾರಿಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟುಗಳ ಧಾರಣೆಯನ್ನು ದಿನಕ್ಕೊಂದು ಸಿಎಸ್‌ವಿ ಕಡತದಲ್ಲಿ ಬರೆದಿಡುತ್ತೇವೆ. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಪೆನ್‌ಡ್ರೈವ್‌ನಲ್ಲಿ ಎಲ್ಲವನ್ನೂ ಸಾಗಿಸಿದೆವು, ಎರಡೂ ವಿಂಡೋಸ್. ಈಗ ಪೈಥಾನ್ ಭಾಷೆಯಲ್ಲಿ ಕಡತದ ಸಮಯ ಹೇಳುವ ‘ಗೆಟ್‌ಸಿಟೈಮ್’ ಬಳಸಿ ನವೆಂಬರ್ ತಿಂಗಳ ಕಡತ ಹುಡುಕಿದರೆ ಒಂದೂ ಸಿಗುವುದಿಲ್ಲ. ಎಲ್ಲಕ್ಕೂ ಕಳೆದ ವಾರದ ತಾರೀಕು! ತೆರೆದು ನೋಡಿದರೆ ದರಗಳೆಲ್ಲ ಸರಿಯಾಗಿಯೇ ಇವೆ.

ಉತ್ತರ: ಗಾಬರಿ ಬೇಡ. ವಿಂಡೋಸ್‌ನಲ್ಲಿ ‘ಗೆಟ್‌ಸಿಟೈಮ್’ ಹೇಳುವುದು ಕಡತವು ಆ ಡಿಸ್ಕಿನಲ್ಲಿ ಹುಟ್ಟಿದ ಸಮಯವನ್ನು. ನಕಲಾದ ಕ್ಷಣವೇ ಅದರ ಹೊಸ ಜನ್ಮ. ನಿಮಗೆ ಬೇಕಾದದ್ದು ‘ಎಂಟೈಮ್’, ಅಂದರೆ ಒಳಗಿನ ಬರಹ ಕೊನೆಯ ಬಾರಿ ಬದಲಾದ ಸಮಯ. ಎಕ್ಸ್‌ಪ್ಲೋರರ್‌ನಲ್ಲಿ ನಕಲಿಸಿದಾಗ ಇದು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ. ಲಿನಕ್ಸ್‌ನಲ್ಲಂತೂ ‘ಸಿಟೈಮ್’ ಹುಟ್ಟಿದ ಸಮಯವೇ ಅಲ್ಲ. ಕಡತದ ಅನುಮತಿಯನ್ನು ಬದಲಿಸಿದರೂ ಅದು ಬದಲಾಗುತ್ತದೆ. ಪೈಥಾನ್ 3.12ರಲ್ಲಿ ವಿಂಡೋಸ್‌ಗೆ ‘ಎಸ್‌ಟಿ_ಬರ್ತ್‌ಟೈಮ್’ (ಹುಟ್ಟಿದ ಸಮಯಕ್ಕೇ ಪ್ರತ್ಯೇಕ ಹೆಸರು) ಬಂದ ಮೇಲೆ ಗೊಂದಲ ಸ್ವಲ್ಪ ತಿಳಿಯಾಗಿದೆ. ಇದನ್ನು ಎಂದೋ ಮಾಡಬೇಕಿತ್ತು ಎಂಬುದು ನನ್ನ ತಕರಾರು.

ಪೈಥಾನ್‌ನಲ್ಲಿ ಕಡತಗಳ ಕೆಲಸಕ್ಕಿರುವ ‘ಪಾತ್‌ಲಿಬ್’ನ ‘ಆರ್‌ಗ್ಲಾಬ್’ ಒಳಫೋಲ್ಡರುಗಳ ಸಮೇತ ಕಡತಗಳನ್ನು ಹೆಕ್ಕಿ ಕೊಡುತ್ತದೆ. ಒಂದೊಂದರ ವಿವರ ಕೊಡುವ ‘ಸ್ಟ್ಯಾಟ್’ ಕರೆದು ‘ಎಸ್‌ಟಿ_ಎಂಟೈಮ್’, ಅಂದರೆ ಅದರ ‘ಎಂಟೈಮ್’ ತೆಗೆದುಕೊಳ್ಳಿ. ಅದು 1970ರ ಜನವರಿ 1ರಿಂದ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಣಿಸಿದ ಸೆಕೆಂಡುಗಳ ಸಂಖ್ಯೆ. ನವೆಂಬರ್ 1 ಮತ್ತು ಡಿಸೆಂಬರ್ 1, ಈ ಎರಡು ದಿನಗಳು ಆರಂಭವಾಗುವ ಕ್ಷಣವನ್ನೂ ‘ಟೈಮ್‌ಸ್ಟ್ಯಾಂಪ್’ (ಅಂಥದೇ ಸೆಕೆಂಡುಗಳ ಸಂಖ್ಯೆ) ಮಾಡಿಕೊಂಡು, ಮೊದಲನೆಯದಕ್ಕೆ ಸಮ ಅಥವಾ ಹೆಚ್ಚು, ಎರಡನೆಯದಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಆರಿಸಿ. ಕೊನೆಯ ಗಡಿಯನ್ನು ನವೆಂಬರ್ 30 ಎಂದು ಕೊಟ್ಟರೆ ಆ ದಿನದ ಟೆಂಡರ್ ಧಾರಣೆ ಪೂರ್ತಿ ತಪ್ಪಿಹೋಗುತ್ತದೆ.

ಇನ್ನೊಂದು ಮಾತು. ನವೆಂಬರ್ ತಿಂಗಳ ದರವನ್ನು ಯಾರಾದರೂ ಜನವರಿಯಲ್ಲಿ ತಿದ್ದಿ ಉಳಿಸಿದರೆ ‘ಎಂಟೈಮ್’ ಜನವರಿಯದಾಗುತ್ತದೆ. ವ್ಯವಹಾರದ ತಾರೀಕು ಕಡತದ ಹೆಸರಿನಲ್ಲಿಯೇ ಇರಲಿ: ಮೊದಲು ವರ್ಷ, ಆಮೇಲೆ ತಿಂಗಳು, ದಿನ.

ಪ್ರಶ್ನೆ (ಕಾರವಾರ): ಇದೇ ಸಾಲಿನಲ್ಲಿ ನನ್ನದೂ ಒಂದಿದೆ ಸರ್. ಬೈತಖೋಲ್ ಬಂದರಿನಲ್ಲಿ ನಸುಕಿನಲ್ಲಿ ಇಳಿಯುವ ಬಂಗಡೆ, ತಾರ್ಲೆಯ ಲೆಕ್ಕವನ್ನು ಮೊಬೈಲಿನಲ್ಲಿ ತುಂಬಿದರೆ ಬಾಡಿಗೆ ಸರ್ವರಿನಲ್ಲಿ ಕಡತವಾಗುತ್ತದೆ. ಬೆಳಿಗ್ಗೆ 4:10ರ ಕಡತ ಹಿಂದಿನ ದಿನದ ಪಟ್ಟಿಗೆ ಸೇರುತ್ತಿದೆ. ಮಧ್ಯಾಹ್ನದವು ಸರಿಯಾಗಿವೆ. ‘ಎಂಟೈಮ್’ ಕೂಡ ಸುಳ್ಳು ಹೇಳುತ್ತದೆಯೇ?

ಉತ್ತರ: ಸಂಖ್ಯೆ ಸರಿಯಾಗಿದೆ, ಓದುವ ಗಡಿಯಾರ ಬೇರೆ. ನಿಮ್ಮ ಸರ್ವರ್ ಯುಟಿಸಿಯಲ್ಲಿರಬೇಕು. ನಮ್ಮ 4:10 ಅದಕ್ಕೆ ಹಿಂದಿನ ರಾತ್ರಿಯ 10:40. ಬೆಳಗಿನ ಐದೂವರೆಯೊಳಗಿನ ಕಡತಗಳಷ್ಟೇ ಎಡವುವುದು ಇದಕ್ಕಾಗಿಯೇ. ಐದೂವರೆ ಗಂಟೆಯೆಂದು 19,800 ಸೆಕೆಂಡು ಕೂಡಿಸುವ ಕೈಚಳಕಕ್ಕೆ ಹೋಗಬೇಡಿ, ಮುಂದೆ ಯಾರೋ ಸರ್ವರ್ ಸಮಯ ಬದಲಿಸಿದಾಗ ಎರಡೆರಡು ಬಾರಿ ಕೂಡುತ್ತದೆ. ಆ ಸಂಖ್ಯೆಯನ್ನು ತಾರೀಕಾಗಿಸುವ ‘ಫ್ರಮ್‌ಟೈಮ್‌ಸ್ಟ್ಯಾಂಪ್’ ಕರೆಯುವಾಗ, ಸಮಯ ವಲಯಗಳನ್ನು ಕೊಡುವ ‘ಝೋನ್‌ಇನ್ಫೋ’ದಿಂದ ‘ಏಷ್ಯಾ/ಕೋಲ್ಕತಾ’ ಕೊಡಿ; ಪೈಥಾನ್ 3.9ರಿಂದ ಅದು ಜೊತೆಗೇ ಬರುತ್ತದೆ. ಹುಡುಕುವ ಗಡಿಗಳನ್ನೂ ಅದೇ ವಲಯದಲ್ಲಿ ಕಟ್ಟಿ. ಮನೆಯ ವಿಂಡೋಸ್‌ನಲ್ಲಿ ಪರೀಕ್ಷಿಸುವುದಾದರೆ ಮೊದಲು ವಲಯಗಳ ಮಾಹಿತಿಯಿರುವ ‘ಟಿಝಡ್‌ಡೇಟಾ’ ಪ್ಯಾಕೇಜನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ ಅಂಥ ವಲಯವೇ ಇಲ್ಲ ಎಂಬ ದೋಷ ಬರುತ್ತದೆ.