ಸಹಾಯ ಬೇಕು: ಸೀಲಂಟ್ (ತೂತು ಮುಚ್ಚೋ ಅಂಟು ದ್ರವ) ಹಾಕಿದ ಟಯರಿಗೆ ಪ್ಯಾಚ್ ಹಾಕಿಕೊಡುವವರು ಶಿರಸಿಯಲ್ಲಿ ಇದ್ದಾರಾ?

ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ಹಿಂದಿನ ಟಯರಿಗೆ ಮೊಳೆ ಹೊಕ್ಕಿತು. ಕಾರಿಗೆ ಸ್ಟೆಪ್ನಿ ಇಲ್ಲ. ಕೊಟ್ಟಿರೋದು ಸೀಲಂಟ್ ಬಾಟಲಿ, ಪುಟ್ಟ ಕಂಪ್ರೆಸರ್ ಅಷ್ಟೇ. ಮೊಳೆ ಕೀಳದೆ, ವಾಲ್ವ್‌ನಿಂದ ಸೀಲಂಟ್ ಬಿಟ್ಟು ಗಾಳಿ ತುಂಬಿಸಿದೆ. ಮೊಳೆ ಸುತ್ತ ಬಿಳಿ ನೊರೆ ಉಕ್ಕಿ, ಆಮೇಲೆ ನಿಂತಿತು. ಸ್ವಲ್ಪ ದೂರ ನಿಧಾನ ಓಡಿಸಿ ಮತ್ತೆ ಗಾಳಿ ನೋಡಿದೆ, ಇಳಿದಿರಲಿಲ್ಲ. ಅಂತೂ ಮನೆ ಮುಟ್ಟಿದೆ.

ಆದ್ರೆ ಇದು ತಾತ್ಕಾಲಿಕ ಅಲ್ವಾ? ಪಂಚರ್ ಅಂಗಡಿಯವರು ಒಳಗಿನ ಅಂಟು ನೋಡಿ "ಹೊಸ ಟಯರೇ ಹಾಕ್ಸಿ" ಅಂತಾರೆ. ತೂತು ಇರೋದು ನೆಲ ಮುಟ್ಟುವ ಕಡೆ, ಪಕ್ಕದ ಗೋಡೆಯಲ್ಲಲ್ಲ. ತೊಳೆದು ಒಳಗಿಂದ ಪ್ಯಾಚ್ ಹಾಕಬಹುದು ಅಂತ ನನ್ನ ಲೆಕ್ಕ. ಸುಮ್ನೆ ಟಯರ್ ಎಸೆಯೋಕೆ ಮನಸ್ಸಿಲ್ಲ. ಮಾಡಿಕೊಡುವವರು ಗೊತ್ತಿದ್ರೆ ತಿಳಿಸಿ. ಹೊಸ ಸೀಲಂಟ್ ಬಾಟಲಿ ಕಾರವಾರದಲ್ಲಾದ್ರೂ ಸಿಗುತ್ತಾ? ಎಕ್ಸ್‌ಪೈರಿ ಮುಗಿದಿದ್ದು ಬೇಡ.